ಲವಂಗದ ಸೀಸೆ

ದರ್ಜಿ ತೀರಿಕೊಂಡ ಮೇಲೂ ಅವನ ಹೆಂಡತಿ ಆಸ್ಪತ್ರೆಗೆ ಬರುವುದನ್ನು ಬಿಡಲಿಲ್ಲ. ವರ್ಷಕ್ಕೊಂದು ಸಲ, ಚಳಿ ಶುರುವಾಗುವ ಹೊತ್ತಿಗೆ ಬಂದು ಬೆಂಚಿನ ಮೇಲೆ ಕೂತು, ಸರದಿ ಬಂದಾಗ ಒಳಗೆ ಹೋಗುವಳು. ಕುರ್ಚಿಯಲ್ಲಿ ಕೂತವಳೇ ಎರಡೂ ಕೈಗಳನ್ನು ಮೇಜಿನ ಮೇಲೆ ಹರಡಿ ಇಡುವಳು. ಗಿರಾಕಿಯ ಮುಂದೆ ಬಟ್ಟೆ ಹಾಸಿ, ಇನ್ನು ನೋಡುವುದು ನಿಮಗೆ ಬಿಟ್ಟದ್ದು ಎಂದು ಸುಮ್ಮನೆ ಕೂರುವ ಅಂಗಡಿಯವರಿದ್ದಾರಲ್ಲ, ಹಾಗೆ.

"ಬಂತಾ?" ಎಂದು ಕೇಳುವಳು.

ಡಾಕ್ಟರಮ್ಮ ಆ ಕೈಗಳನ್ನು ನೋಡುವಳು. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳುಗಳು, ಕಲ್ಲಿನಲ್ಲಿ ಕಡೆದಿಟ್ಟಂತೆ ನಿಶ್ಚಲ. ತಿರುಗಿಸಿ ಮಣಿಕಟ್ಟು ಆಡಿಸಿ, "ಇನ್ನೂ ಏನಿಲ್ಲ" ಎನ್ನುವಳು.

"ಇನ್ನೂ" ಎಂದು ದರ್ಜಿಯ ಹೆಂಡತಿ ಆ ಒಂದೇ ಮಾತನ್ನು ಎತ್ತಿಕೊಂಡು, ಸೆರಗಿಗೆ ಕಟ್ಟಿಕೊಂಡವಳಂತೆ ಎದ್ದು ಹೋಗುವಳು. ಮುಂದಿನ ವರ್ಷದವರೆಗೆ ಅದೇ ಅವಳಿಗೆ ಬುತ್ತಿ.

ನಡುಕದ ಕಾಯಿಲೆ ಈಕೆಗೂ ಬರಬಹುದು ಎಂದು ಹೇಳಿದವಳು ಡಾಕ್ಟರಮ್ಮನೇ. ಹೇಳಿ ಎಷ್ಟೋ ವರ್ಷಗಳಾಗಿದ್ದವು. ಕಾಯಿಲೆ ಬಂದಿರಲಿಲ್ಲ. ಬರುವುದಿಲ್ಲ ಎಂದು ಹೇಳುವ ಧೈರ್ಯವೂ ಬಂದಿರಲಿಲ್ಲ.

ಡಾಕ್ಟರಮ್ಮ ನರರೋಗದ ವೈದ್ಯೆ. ಬದುಕೆಲ್ಲ ಪಾರ್ಕಿನ್ಸನ್ ಎಂಬ ಒಂದು ಕಾಯಿಲೆಯ ಮತ್ತು ಅದರ ದಾಯಾದಿಗಳ ಹಿಂದೆ ಬಿದ್ದವಳು. ದಾಯಾದಿಗಳೆಂದರೆ ಮೇಲುನೋಟಕ್ಕೆ ಅದೇ ಮುಖ, ಅದೇ ನಡಿಗೆ, ಒಳಗೆ ಬೇರೆಯೇ ವ್ಯವಹಾರ ಇರುವ ರೋಗಗಳು. ಒಂದರಲ್ಲಿ ಮನುಷ್ಯ ಎದ್ದು ನಿಂತರೆ ತಲೆ ಸುತ್ತಿ ಬೀಳುತ್ತಾನೆ, ಇನ್ನೊಂದರಲ್ಲಿ ಕಣ್ಣು ಕೆಳಕ್ಕೆ ಇಳಿಯುವುದಿಲ್ಲ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಯಾವುದು ಅಸಲಿ, ಯಾವುದು ನೆಂಟ ಎಂದು ಬೇರ್ಪಡಿಸುವುದರಲ್ಲೇ ವೈದ್ಯರ ಕೂದಲು ಬೆಳ್ಳಗಾಗುತ್ತದೆ.

ಕಲಿಯುವ ಕಾಲದಲ್ಲಿ ಅವಳ ಮುದಿ ಗುರು ಶಿಷ್ಯರನ್ನು ಆಸ್ಪತ್ರೆಯ ಉದ್ದನೆಯ ಓಣಿಯ ಒಂದು ತುದಿಯಲ್ಲಿ ಸ್ಟೂಲು ಹಾಕಿ ಕೂರಿಸುತ್ತಿದ್ದರು. ಒಂದು ಗೋಡೆಗೆ ಹಸಿರು ಬಣ್ಣ, ಇನ್ನೊಂದು ಗೋಡೆಗೆ ಕಿಟಕಿಗಳು, ನೆಲದಿಂದ ಫಿನಾಯಿಲ್ ವಾಸನೆ.

"ಏನೂ ಕೇಳಬೇಡಿ. ಕೇಳಿದ್ರೆ ಕಥೆ ಹೇಳ್ತಾರೆ. ಬರೋದು ನೋಡಿ, ತಿರುಗೋದು ನೋಡಿ, ಹೋಗೋದು ನೋಡಿ" ಎನ್ನುತ್ತಿದ್ದರು.

ಅವಳು ನೋಡಿದಳು. ಬೀಸದ ಒಂದು ತೋಳು. ತಿರುಗುವಾಗ ಇಡೀ ಮೈ ಬೀರುವಿನಂತೆ ಒಟ್ಟಿಗೆ ತಿರುಗುವುದು. ಬಾಗಿಲು ಹಾಕಿದ ಅಂಗಡಿಯಂಥ ಮುಖ, ಆದರೆ ಒಳಗೆ ಗಲ್ಲಾಪೆಟ್ಟಿಗೆಯ ಹಿಂದೆ ಯಜಮಾನ ಎಚ್ಚರವಾಗಿಯೇ ಕೂತಿರುತ್ತಾನೆ. ಬರಬರುತ್ತಾ ಅವಳ ಕಣ್ಣು ಎಷ್ಟು ಹರಿತವಾಯಿತೆಂದರೆ ಅದನ್ನು ಮತ್ತೆ ಒರೆಯೊಳಗೆ ಸೇರಿಸುವುದೇ ಕಷ್ಟವಾಯಿತು. ಬಸ್ಸಿನಲ್ಲಿ ಕಂಬಿ ಹಿಡಿದ ಕೈ, ತರಕಾರಿ ತೂಗುವವನ ಹೆಬ್ಬೆರಳು, ಎದುರು ಮನೆಯವನು ಅಂಗಿಯ ಗುಂಡಿ ಹಾಕಿಕೊಳ್ಳಲು ತೆಗೆದುಕೊಳ್ಳುವ ಹೊತ್ತು, ಎಲ್ಲವೂ ಕೇಳದೆಯೇ ಬಂದು ಕಣ್ಣಿಗೆ ಬೀಳುತ್ತಿದ್ದವು. ಊರ ಜನ ಮುಂದೇನಾಗುತ್ತದೋ ತಿಳಿಯದೆ ನಗುನಗುತ್ತಾ ಓಡಾಡುತ್ತಿದ್ದರು. ಅವಳಿಗೆ ಮಾತ್ರ ಅವರ ಹಿಂದೆ ಇನ್ನೊಬ್ಬರು ಕಾಲೆಳೆದುಕೊಂಡು ಬರುತ್ತಿರುವುದು ಕಾಣುತ್ತಿತ್ತು.

ಮದುವೆಯಾದ ಹೊಸತರಲ್ಲಿ ನಾದಿನಿಯ ಮನೆಗೆ ಊಟಕ್ಕೆ ಹೋಗಿದ್ದಾಗ, ನಾದಿನಿಯ ಅತ್ತೆ ನೀರು ಬಡಿಸುತ್ತಿದ್ದರು. ಡಾಕ್ಟರಮ್ಮ ತಟ್ಟೆಯಿಂದ ತಲೆಯೆತ್ತಿ, "ನಿಮ್ಮತ್ತೇನ ಒಮ್ಮೆ ಕರ್ಕೊಂಡು ಬಾ, ಎಡಗೈ ಸರಿಯಿಲ್ಲ" ಎಂದುಬಿಟ್ಟಳು. ಪಂಕ್ತಿಯಲ್ಲಿ ಬಾಯಿಗೆ ಹೋಗುತ್ತಿದ್ದ ತುತ್ತುಗಳೆಲ್ಲ ಅರ್ಧದಾರಿಯಲ್ಲಿ ನಿಂತವು. ಅವಳ ಮಾತು ನಿಜವಾಯಿತು. ನಿಜವಾದದ್ದಕ್ಕೇ ಆ ಮನೆಯವರು ಅವಳನ್ನು ಕ್ಷಮಿಸಲಿಲ್ಲ.

ಮನೆಗೆ ಬಂದ ಮೇಲೆ ಗಂಡ ಹೇಳಿದ, "ನೋಡು, ಆ ಕಣ್ಣು ನಿನ್ನ ಆಸ್ಪತ್ರೆ ಸಾಮಾನು. ಚಪ್ಪಲಿ ಜೊತೆ ಹೊಸಲಿನ ಆಚೆ ಬಿಟ್ಟು ಒಳಗೆ ಬಾ. ನಾನು ಅನ್ನ ಕಲಸೋದನ್ನ ನೋಡಿ ನನ್ನ ಜಾತಕ ಬರೀಬೇಡ."

ಅವಳು ಒಪ್ಪಿದಳು. ಒಪ್ಪಿದ ಮಾತನ್ನು ಚಾಚೂ ತಪ್ಪದೆ ನಡೆಸಿದಳು. ಅಷ್ಟು ಪ್ರಾಮಾಣಿಕಳಾಗದಿದ್ದರೆ ಚೆನ್ನಾಗಿತ್ತು.

ಗಂಡ ಟೀಪುಡಿ ವ್ಯಾಪಾರಿ. ಪೇಟೆಯಲ್ಲಿ ಅವನನ್ನು ಮೂಗುರಾಯ ಎಂದು ಕರೆಯುತ್ತಿದ್ದರು. ದಲ್ಲಾಳಿ ತಂದ ಮಾದರಿಯಿಂದ ಒಂದು ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸಕಿ, ಬಿಸಿಯುಸಿರು ಊದಿ, ಮೂಗಿನ ಹತ್ತಿರ ಹಿಡಿಯುವನು. ಯಾವ ತೋಟದ್ದು, ಯಾವ ಕೊಯ್ಲಿನದು, ಮೂಟೆ ಒದ್ದೆ ನೆಲದ ಮೇಲೆ ಕೂತಿತ್ತೋ ಇಲ್ಲವೋ ಎಲ್ಲ ಹೇಳುವನು. "ಈ ಪುಡಿ ಸಾಬೂನಿನ ಅಂಗಡಿ ಪಕ್ಕ ಮಲಗಿತ್ತು, ಎಬ್ಬಿಸಿಕೊಂಡು ಹೋಗಿ" ಎಂದು ಒಬ್ಬ ದಲ್ಲಾಳಿಯನ್ನು ವಾಪಸು ಕಳಿಸಿದ್ದ. ಮೂಗುರಾಯ ಮೂಸಿದ ಮಾಲಿಗೆ ಪೇಟೆಯಲ್ಲಿ ಎರಡನೇ ಮಾತಿರಲಿಲ್ಲ.

ಡಾಕ್ಟರಮ್ಮನ ತಲೆಗೆ ಮೂಗಿನ ಹುಳು ಹೊಕ್ಕದ್ದಕ್ಕೆ ಅಂಥ ಗಂಡನ ಜೊತೆ ದಿನಾ ಊಟಕ್ಕೆ ಕೂರುತ್ತಿದ್ದದ್ದೂ ಒಂದು ಕಾರಣವಿರಬೇಕು. ರೋಗಿಗಳು ಕೈ ನಡುಗಿದ ಕಥೆ ಹೇಳುವ ಮೊದಲು ಇನ್ನೊಂದು ಕಥೆ ಹೇಳುತ್ತಿದ್ದರು. ಊಟ ಮಣ್ಣಿನಂತಾಗಿ ಬಹಳ ಕಾಲವಾಯಿತು, ಹೂ ಮೂಸಿದರೆ ಕಾಗದ ಮೂಸಿದ ಹಾಗೆ. ಕೆಲವರಿಗೆ ಇಲ್ಲದ ಹೊಗೆಯ ವಾಸನೆ ಬರುತ್ತಿತ್ತು, ಎದ್ದು ಮನೆಯೆಲ್ಲ ಹುಡುಕುತ್ತಿದ್ದರಂತೆ. ಕಾಯಿಲೆ ಮೊದಲು ಮೂಗಿಗೆ ಬಂದು, ಅಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಬಿಡಾರ ಹೂಡಿ, ಆಮೇಲೆ ಕೈಗೆ ಇಳಿಯುತ್ತದೆ ಎಂದು ಅವಳಿಗೆ ಅನಿಸಿತು. ಬೇರೆ ಕಡೆಯೂ ಕೆಲವರು ಈ ಮಾತು ಆಡತೊಡಗಿದ್ದರು. ನಿಜವಾದರೆ ರೋಗವನ್ನು ಅದು ಬಾಗಿಲು ತಟ್ಟುವ ಮೊದಲೇ ಗೇಟಿನಲ್ಲೇ ಗುರುತಿಸಬಹುದು. ಅಸಲಿಯನ್ನು ದಾಯಾದಿಗಳಿಂದ ಬೇರ್ಪಡಿಸಲೂ ಬಹುದು.

ಪರೀಕ್ಷೆಗೆ ವಾಸನೆಗಳು ಬೇಕಾಗಿದ್ದವು. ಹೊರಗಿನಿಂದ ತರಿಸುವ ಡಬ್ಬಿಗಳ ಬೆಲೆ ಕೇಳಿ ಆಸ್ಪತ್ರೆಯವರು ಕಿವಿ ಮುಚ್ಚಿಕೊಂಡರು.

"ನಾನಿರುವಾಗ ವಾಸನೆಗೆ ಹೊರಗೆ ಹೋಗ್ತಾರೇನು?" ಎಂದ ಮೂಗುರಾಯ. "ಸೀಸೆ ತಂದುಕೊಡು. ತುಂಬಿಕೊಡೋದು ನನ್ನ ಪಾಲು. ನಿನ್ನ ವಿದ್ಯೆಯಲ್ಲಿ ನನ್ನದೂ ಒಂದು ಚಿಟಿಕೆ ಇರ್ಲಿ."

ಕಂದು ಬಣ್ಣದ ಸಣ್ಣ ಸೀಸೆಗಳು. ಲವಂಗ, ಚಕ್ಕೆ, ಕಾಫಿಪುಡಿ, ಒಣಗಿದ ಕಿತ್ತಳೆ ಸಿಪ್ಪೆ, ಸಾಬೂನಿನ ಚೂರು, ಪುದೀನ, ಎಲ್ಲವನ್ನೂ ಅವನೇ ಆರಿಸಿ, ಹತ್ತಿಯಲ್ಲಿ ಸುತ್ತಿ, ಬಿಗಿಯಾಗಿ ಮುಚ್ಚಳ ಹಾಕಿ ಕೊಟ್ಟ. ವರ್ಷಕ್ಕೊಮ್ಮೆ ಹಳೆಯದನ್ನು ಚೆಲ್ಲಿ ಹೊಸದು ತುಂಬುವುದೆಂದು ಮಾತಾಯಿತು.

ಡಾಕ್ಟರಮ್ಮ ಕಟ್ಟುನಿಟ್ಟು ಮಾಡಿದಳು. ಪರೀಕ್ಷೆಗೆ ಕೂತವರ ಮೂಗಿನ ಕೆಳಗೆ ಬಿಟ್ಟು ಬೇರೆಲ್ಲೂ ಮುಚ್ಚಳ ತೆಗೆಯಕೂಡದು, ವಾಸನೆ ಹಾರಿಹೋಗುತ್ತದೆ. ಪರೀಕ್ಷೆ ಮಾಡುವವರು ತಾವು ಮೂಸಿ ನೋಡಕೂಡದು, ಮುಖಭಾವದಲ್ಲಿ ಉತ್ತರ ಸಿಕ್ಕಿಬಿಡುತ್ತದೆ. ಈ ನಿಯಮಕ್ಕೆ ಅವಳೂ ಹೊರತಲ್ಲ. ಹೀಗಾಗಿ ಸೀಸೆಯ ಮೇಲಿನ ಚೀಟಿ ಹೇಳುವ ವಾಸನೆ ಒಳಗೆ ನಿಜಕ್ಕೂ ಇದೆಯೇ ಎಂದು ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ತಿಳಿಯುವಂತಿತ್ತು. ಒಬ್ಬರು ಎದುರು ಕೂತ ಮನುಷ್ಯ, ಇನ್ನೊಬ್ಬರು ತುಂಬಿಕೊಟ್ಟ ಗಂಡ.

ರೋಗಿಗಳ ಜೊತೆ ಹೋಲಿಸಿ ನೋಡಲು ಆರೋಗ್ಯವಂತರು ಬೇಕು. ಈ ವಿದ್ಯೆಯಲ್ಲಿ ಅದಕ್ಕೊಂದು ಅಗ್ಗದ ದಾರಿಯಿದೆ: ರೋಗಿಯ ಹೆಂಡತಿ ಅಥವಾ ಗಂಡ. ಹೆಚ್ಚುಕಡಿಮೆ ಅದೇ ವಯಸ್ಸು, ಅದೇ ಮನೆ, ಅದೇ ಊಟ, ಅದೇ ಜಗಳ. ಕೊಸರಿನ ಹಾಗೆ ರೋಗಿಯ ಜೊತೆಗೇ ಬಂದಿರುತ್ತಾರೆ.

ಮೊದಲ ವರ್ಷದ ಫಲ ಹಗಲು ರಾತ್ರಿಯಷ್ಟು ಸ್ಪಷ್ಟವಾಗಿತ್ತು. ರೋಗಿಗಳ ಮೂಗು ಸತ್ತಿತ್ತು, ಜೊತೆಗಾರರ ಮೂಗು ಬದುಕಿತ್ತು. ಡಾಕ್ಟರಮ್ಮ ಸಮ್ಮೇಳನದಲ್ಲಿ ಮಾತಾಡಿದಳು, ಜನ ಎದ್ದು ನಿಂತು ಪ್ರಶ್ನೆ ಕೇಳಿದರು. ಎರಡನೆಯ ಸಲ ಸೀಸೆ ತುಂಬಿಸಿಕೊಂಡ ಮೇಲೆ ಪರೀಕ್ಷೆಗೆ ಬಂದವಳು ದರ್ಜಿಯ ಹೆಂಡತಿ.

ದರ್ಜಿ ಆಸ್ಪತ್ರೆಯ ಹಿಂದಿನ ಬೀದಿಯವನು, ಅಸಲಿ ಕಾಯಿಲೆಯವನು. ಹೊಲಿಗೆ ಯಂತ್ರದ ಮುಂದೆ ಕೂರಿಸಿದರೆ ಅವನ ಕಾಲು ಚಕಚಕ ತುಳಿಯುತ್ತಿತ್ತು, ಎದ್ದು ಬಾಗಿಲು ದಾಟಲು ಹೋದರೆ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಹೆಂಡತಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಹೊಸಲಿನ ಮುಂದೆ ಗೆರೆ ಎಳೆದರೆ, ಗೆರೆಯನ್ನು ದಾಟುವವನ ಹಾಗೆ ಕಾಲೆತ್ತಿ ಆಚೆ ಹೋಗುವನು. ಡಾಕ್ಟರಮ್ಮ ಹೇಳಿಕೊಟ್ಟ ಉಪಾಯ ಅದು.

"ಮೂವತ್ತು ವರ್ಷ ಇವಳು ಹಾಕಿದ ಗೆರೆ ದಾಟಬಾರದು ಅಂತಿತ್ತು. ಈಗ ದಾಟು ಅಂತಾಳೆ" ಎಂದು ದರ್ಜಿ ನಗಿಸುತ್ತಿದ್ದ. ಅವನ ಮುಖ ಮಾತ್ರ ನಗುತ್ತಿರಲಿಲ್ಲ.

ದರ್ಜಿಯ ಹೆಂಡತಿಯನ್ನು ಆರೋಗ್ಯವಂತರ ಕುರ್ಚಿಯಲ್ಲಿ ಕೂರಿಸಿ ಡಾಕ್ಟರಮ್ಮ ಲವಂಗದ ಸೀಸೆಯ ಮುಚ್ಚಳ ತೆಗೆದಳು.

"ಏನು ವಾಸನೆ?"

"ಏನೂ ಇಲ್ಲ."

"ನಿಧಾನವಾಗಿ ಮೂಸಿ ನೋಡಿ."

"ನೋಡಿದೆ. ಸೀಸೆ ವಾಸನೆ ಬರ್ತಿದೆ, ಹತ್ತಿ ವಾಸನೆ ಬರ್ತಿದೆ. ಒಳಗೇನಿಲ್ಲ ಡಾಕ್ಟರಮ್ಮಾ. ಯಾರೋ ನಿಮಗೆ ಟೋಪಿ ಹಾಕಿದ್ದಾರೆ."

ಬೆಂಚಿನಿಂದ ದರ್ಜಿ, "ನನ್ನ ಹತ್ರ ಏನಿದ್ರೂ ಅವಳಿಗೂ ಬೇಕು ಡಾಕ್ಟ್ರೇ, ಕಾಯಿಲೆನೂ ಬಿಡಲ್ಲ" ಎಂದ. ಡಾಕ್ಟರಮ್ಮನೂ ನಕ್ಕಳು. ನಗುತ್ತಲೇ ಆ ಹೆಂಗಸಿನ ಮೂಗು ಹೋಗಿದೆ ಎಂದು ತೀರ್ಮಾನಿಸಿದಳು. ಮೂಗುರಾಯ ತುಂಬಿದ ಸೀಸೆಯ ಮೇಲೆ ಅನುಮಾನ ಪಡುವುದು ತಕ್ಕಡಿಯ ಕಲ್ಲಿನ ಮೇಲೆ ಅನುಮಾನ ಪಟ್ಟ ಹಾಗೆ. ಎದುರಿಗಿದ್ದ ಮಾಲಿನ ಮೇಲೆ ಅನುಮಾನ ಪಡುವುದು ಸುಲಭ.

ಫಲ ಏನೆಂದು ಜೊತೆಗಾರರಿಗೆ ಹೇಳಬಾರದೆಂಬ ನಿಯಮವಿತ್ತು. ಆದರೆ ದರ್ಜಿಯ ಹೆಂಡತಿ ಬಿಡುವವಳಲ್ಲ. ಮುಂದಿನ ಸಲ ಬಂದಾಗ ಗಂಡನನ್ನು ಹೊರಗೆ ಕೂರಿಸಿ ಒಳಗೆ ಬಂದಳು.

"ನನ್ನ ಮೂಗಿನದ್ದು ಏನಾಯ್ತು? ಹೇಳಿ. ನಾನೂ ಮಲಗಿದ್ರೆ ಅವರನ್ನ ಗೆರೆ ದಾಟಿಸೋರು ಯಾರು?"

"ಮೂಗು ಮಂದವಾಗಿದೆ. ಹಾಗಾದವರಲ್ಲಿ ಕೆಲವರಿಗೆ, ಎಲ್ಲರಿಗೂ ಅಲ್ಲ, ಮುಂದೆ ಯಾವಾಗಲೋ ಇವರ ಕಾಯಿಲೆಯೇ ಬರಬಹುದು."

ಡಾಕ್ಟರಮ್ಮ ಕೆಲವರಿಗೆ ಎಂದಳು, ಬರಬಹುದು ಎಂದಳು, ಯಾವಾಗಲೋ ಎಂದಳು. ಬೆಲೆ ಕೇಳಿದ ಗಿರಾಕಿಗೆ ಬೆಲೆಯೊಂದೇ ಕೇಳಿಸುವುದು, ಅದರ ಹಿಂದುಮುಂದಿನ ಸೌಜನ್ಯ ಕೇಳಿಸುವುದಿಲ್ಲ. ದರ್ಜಿಯ ಹೆಂಡತಿ ತನ್ನ ಕೈಗಳನ್ನು ಮಡಿಲಿಗೆ ಎಳೆದುಕೊಂಡು, ಬೇರೆಯವರ ಕೈಗಳನ್ನು ನೋಡುವಂತೆ ನೋಡಿದಳು. ಅವು ಅವತ್ತಿನಿಂದ ಅವಳವಾಗಿ ಉಳಿಯಲಿಲ್ಲ.

ಆ ವರ್ಷ ಜೊತೆಗಾರರು ಒಬ್ಬೊಬ್ಬರಾಗಿ ಸೋಲತೊಡಗಿದರು. ಮುಂದಿನ ವರ್ಷ ಇನ್ನೂ ಹೆಚ್ಚು. ಡಾಕ್ಟರಮ್ಮನ ಮಾತು ನಿಜವಾದರೆ ಊರಿನ ಅರ್ಧದಷ್ಟು ಜನ ನಡುಗಬೇಕಿತ್ತು. ಯಾರೂ ನಡುಗಲಿಲ್ಲ. ಕಾದಳು, ಮತ್ತೆ ಸೀಸೆ ತುಂಬಿಸಿದಳು, ಮತ್ತೆ ಮೂಸಿಸಿದಳು. ಕೊನೆಗೆ ಎದ್ದು ನಿಂತು ಮಾತಾಡಿದ್ದ ಅದೇ ಸಮ್ಮೇಳನದಲ್ಲಿ ಎದ್ದು ನಿಂತು, ತಾನು ಹೇಳಿದ್ದು ತಪ್ಪು, ಈ ಜನರಲ್ಲಿ ಮೂಗು ನೋಡಿ ಏನೂ ಹೇಳಲಾಗದು ಎಂದಳು. ಎಂಥ ಪ್ರಾಮಾಣಿಕತೆ ಎಂದು ಹಿರಿಯರು ಬೆನ್ನು ತಟ್ಟಿದರು. ಸತ್ತವರ ಮನೆಯಲ್ಲಿ ಸತ್ತವರ ಗುಣ ಹೊಗಳುವ ಧಾಟಿ ಅದರಲ್ಲಿತ್ತು.

ಮನೆಗೆ ಬಂದಾಗ ಗಂಡ ಸಿಹಿ ತಂದಿಟ್ಟಿದ್ದ. ಸೋತು ಬಂದವಳಿಗೆ ಸಮಾಧಾನ ಮಾಡಲು ತಂದಿದ್ದಾನೆಂದು ತಿಳಿದು ಅವಳ ಕಣ್ಣು ತುಂಬಿತು.

ಆಮೇಲೆ ಅವಳು ಮತ್ತೆ ಓಣಿಗೆ ಹೋದಳು. ರೋಗಿಗಳು ನಡೆಯುವುದನ್ನು ಕ್ಯಾಮೆರಾದಲ್ಲಿ ಹಿಡಿದು, ತೋಳು ಹೆಜ್ಜೆಗಳನ್ನು ಅಳೆದು ಪ್ರಬಂಧಗಳನ್ನು ಬರೆದಳು. ಮರ್ಯಾದೆಯ ಬದುಕು, ಯಾರೂ ಎದ್ದು ನಿಂತು ಪ್ರಶ್ನೆ ಕೇಳದ ಬದುಕು. ಸಂಜೆ ಚಿತ್ರಗಳ ಕೋಣೆಯಲ್ಲಿ ಕೂತರೆ ಸತ್ತವರೆಲ್ಲ ಪರದೆಯ ಮೇಲೆ ಬರುವರು, ತಿರುಗುವರು, ಹೋಗುವರು. ದರ್ಜಿಯೂ ಬರುವನು. ನ್ಯುಮೋನಿಯಾದಲ್ಲಿ ಹೋದವನು ಪರದೆಯ ತುದಿಯಲ್ಲಿ ನಿಂತು, ಯಾರಾದರೂ ಗೆರೆ ಎಳೆಯಲಿ ಎಂದು ಕಾಯುವನು. ಕೋಣೆಯ ಬಾಗಿಲು ದಾಟುವಾಗ ಎಷ್ಟೋ ಸಲ ಡಾಕ್ಟರಮ್ಮನ ಕಾಲೇ ಒಂದು ಕ್ಷಣ ನಿಲ್ಲುತ್ತಿತ್ತು. ತನ್ನ ಹಿಂದೆ ಸಣ್ಣ ಸಣ್ಣ ಹೆಜ್ಜೆಯ ಸರಸರ ಸದ್ದು ಬಂದಂತಾಗಿ ತಿರುಗಿದರೆ ಓಣಿ ಖಾಲಿ, ಕಿಟಕಿಗಳು ಮಾತ್ರ.

ಅದಕ್ಕಿಂತ ಹೆಚ್ಚು ಕಾಡಿದ್ದು ಮೇಜಿನ ಮೇಲೆ ಹರಡಿದ ಆ ನಿಶ್ಚಲ ಕೈಗಳು. ಸಮ್ಮೇಳನದಲ್ಲಿ ಮೂಗಿಗೂ ಕೈಗೂ ನಂಟಿಲ್ಲ ಎಂದವಳು, ದರ್ಜಿಯ ಹೆಂಡತಿಗೆ ಮಾತ್ರ ಇನ್ನೂ ಏನಿಲ್ಲ ಎನ್ನುತ್ತಿದ್ದಳು. ಏಕೆಂದರೆ ರೋಗಿಗಳು ಹೇಳಿದ ಕಥೆಗಳು ಸುಳ್ಳೆಂದು ಅವಳ ಹೊಟ್ಟೆಯೊಳಗಿನ ಯಾವುದೋ ಮೂಲೆ ಒಪ್ಪಿರಲಿಲ್ಲ. ಲೆಕ್ಕ ತಪ್ಪೋ, ಮಾತು ತಪ್ಪೋ ತಿಳಿಯದೆ, ಎರಡನ್ನೂ ಬಿಡದೆ, ನಡುವೆ ಆ ಹೆಂಗಸನ್ನು ನೇತುಹಾಕಿದ್ದಳು.

ಈ ನಡುವೆ ಟೀಪುಡಿ ಅಂಗಡಿ ಇಳಿಮುಖವಾಯಿತು. ಡಾಕ್ಟರಮ್ಮನಿಗೆ ತಿಳಿಯುವ ಬಹಳ ಮೊದಲೇ ಪೇಟೆಗೆ ತಿಳಿದಿತ್ತು. ಎಷ್ಟೋ ವರ್ಷಗಳ ಹಿಂದೆಯೇ ಯಾವನೋ ಒಬ್ಬ ದಲ್ಲಾಳಿ ಅಕಸ್ಮಾತ್ತಾಗಿ ತೇವ ಹೊಡೆದ ಮಾದರಿಯನ್ನು ಮುಂದಿಟ್ಟ. ಮೂಗುರಾಯ ಹೊಸಕಿ, ಊದಿ, ಮೂಸಿ, ಪರವಾಗಿಲ್ಲ ಎಂದ. ದಲ್ಲಾಳಿ ತುಟಿ ಎರಡು ಮಾಡಲಿಲ್ಲ, ಆದರೆ ಮಾರನೆಯ ವಾರದಿಂದ ಎಲ್ಲರ ಗೋದಾಮಿನ ಕಸ ಮೂಗುರಾಯನ ಅಂಗಡಿಯ ದಾರಿ ಹಿಡಿಯಿತು. ಎಣ್ಣೆ ಹಿಂಡಿ ತೆಗೆದ ಲವಂಗ, ಸತ್ತ ಚಕ್ಕೆ, ಬಣ್ಣ ಹಾಕಿದ ಪುಡಿ. ಪೇಟೆಯ ಕರುಣೆ ಅಷ್ಟೇ ಇರುವುದು. ಹೊಸಕುವ ಅಭ್ಯಾಸವನ್ನು ಮಾತ್ರ ಅವನು ಬಿಡಲಿಲ್ಲ. ಇತ್ತೀಚೆಗಂತೂ ಕೈಯಲ್ಲಿ ಪುಡಿಯಿಲ್ಲದಾಗಲೂ ಬೆರಳು ಹೊಸಕುತ್ತಿತ್ತು. "ಮೂಗುರಾಯ ಗಾಳಿಯನ್ನೂ ಪರೀಕ್ಷೆ ಮಾಡ್ತಾನೆ" ಎಂದು ಅಕ್ಕಪಕ್ಕದವರು ನಕ್ಕರು.

ಒಂದು ಸಂಜೆ ಡಾಕ್ಟರಮ್ಮ ಆಸ್ಪತ್ರೆಯಿಂದ ಬಂದು ಹೊಸಲಿನ ಬಳಿ ಚಪ್ಪಲಿ ಬಿಡುವಾಗಲೇ ಸುಟ್ಟ ವಾಸನೆ ಗಂಟಲಿಗೆ ಹಿಡಿಯಿತು. ಚಪ್ಪಲಿ ಬಿಟ್ಟಳು, ಕಣ್ಣು ಬಿಡಲು ಮರೆತಳು. ಅಡುಗೆಮನೆಗೆ ಓಡಿದಳು. ಒಲೆಯ ಮೇಲೆ ಹಾಲು ಬತ್ತಿ ಕರಿಯಾಗಿ, ಪಾತ್ರೆ ಹಿಡಿಯುವ ಬಟ್ಟೆಯ ಅಂಚಿಗೆ ಕಿಡಿ ಹತ್ತಿ ಹೊಗೆಯಾಡುತ್ತಿತ್ತು. ಒಲೆಗೆ ಬೆನ್ನು ಹಾಕಿ, ಕೈಗೆಟುಕುವಷ್ಟು ದೂರದಲ್ಲಿ ಗಂಡ ಪೇಪರು ಓದುತ್ತಿದ್ದ.

ಅವಳು ಒಲೆ ಆರಿಸಿದ ಸದ್ದಿಗೆ ಅವನು ತಿರುಗಿದ. ಕತ್ತು ತಿರುಗಲಿಲ್ಲ. ಇಡೀ ಮೈ ಬೀರುವಿನಂತೆ ಒಟ್ಟಿಗೆ ತಿರುಗಿತು.

"ಯಾವಾಗ ಬಂದೆ? ಯಾಕೆ ಹಾಗೆ ನಿಂತಿದ್ದೀಯ?"

ಅವಳು ಬಾಗಿಲು ಹಾಕಿದ ಅಂಗಡಿಯಂಥ ಆ ಮುಖವನ್ನು ನೋಡುತ್ತಾ ನಿಂತಳು. ಅವನಿಗೆ ಅರ್ಥವಾಯಿತು.

"ಹೊಸಲಿನ ಆಚೆ ಬಿಟ್ಟು ಬಾ ಅಂದಿದ್ನಲ್ಲ" ಎಂದ ಮೆಲ್ಲಗೆ.

"ಮೂಗು ಹೋಗಿ ಎಷ್ಟು ದಿನ ಆಯ್ತು?"

ಅವನು ಪೇಪರು ಮಡಿಸಿದ. ಮಡಿಸಲು ಬಹಳ ಹೊತ್ತು ಹಿಡಿಯಿತು. "ನಿನ್ನ ಸೀಸೆಗಳನ್ನ ಎರಡನೇ ಸಲ ತುಂಬಿದೆನಲ್ಲ, ಆ ಸುಮಾರಿಗೆ. ನೆಗಡಿ ಅಂದ್ಕೊಂಡೆ. ಆಮೇಲೆ ನೆಗಡಿ ಹೋಯ್ತು, ಮೂಗು ಬರಲಿಲ್ಲ."

"ಸೀಸೆ ತುಂಬುತ್ತಾ ಇದ್ದೆಯಲ್ಲ."

"ಕಣ್ಣಿಂದ ತುಂಬಿದೆ. ಲವಂಗ ಲವಂಗದ ಹಾಗೇ ಕಾಣ್ತಿತ್ತು."

"ನನಗೆ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ಮೂಗು ಹೋದವರಿಗೆ ಮುಂದೇನಾಗುತ್ತೆ ಅಂತ ಊರಿಗೆಲ್ಲಾ ಸಾರಿದವಳು ನೀನು. ಊಟಕ್ಕೆ ಕೂತಾಗೆಲ್ಲಾ ಅದನ್ನೇ ಕೇಳಿದವನು ನಾನು. ಹೇಳಿದ್ರೆ ನನ್ನನ್ನ ಆ ಓಣಿಯಲ್ಲಿ ನಡೆಸ್ತಿದ್ದೆ. ಅಲ್ಲಿ ನಡೆದವರನ್ನ ನೀನು ಹೇಗೆ ನೋಡ್ತೀಯ ಅಂತ ನನಗೆ ಗೊತ್ತು." ಪೇಪರನ್ನು ಮೇಜಿನ ಮೇಲಿಟ್ಟು, ಎಡಗೈ ಜೇಬಿಗೆ ಸೇರಿಸಿ ಅಂದ, "ಆಮೇಲೆ ಒಂದು ದಿನ ನೀನೇ ಸಮ್ಮೇಳನದಲ್ಲಿ ನಿಂತೆ. ನನ್ನದು ತಪ್ಪಾಯ್ತು, ಮೂಗಿಗೂ ಕೈಗೂ ಸಂಬಂಧ ಇಲ್ಲ ಅಂದೆ. ಅವತ್ತು ಸಿಹಿ ತಂದಿದ್ದೆ, ನೆನಪಿದೆಯಾ?"

ಅವಳಿಗೆ ನೆನಪಿತ್ತು. ಆ ಸಿಹಿ ತನಗೆ ಸಮಾಧಾನವೆಂದು ಇಷ್ಟು ವರ್ಷ ತಿಳಿದಿದ್ದಳು. ಅದು ಶಿಕ್ಷೆ ರದ್ದಾದವನ ಸಂತೋಷವಾಗಿತ್ತು. ಅವಳ ಮಾತು ಸುಳ್ಳಾದದ್ದು ಅವನ ಮೂಗಿನಿಂದ. ಅವನು ಬದುಕಿಕೊಂಡೆ ಎಂದು ನಂಬಿದ್ದು ಅವಳ ಸೋಲಿನಿಂದ. ಒಬ್ಬರ ಸುಳ್ಳನ್ನು ಇನ್ನೊಬ್ಬರು ಅಡವಿಟ್ಟುಕೊಂಡು ಇಬ್ಬರೂ ಒಂದೇ ಸೂರಿನಡಿ ಸುಖವಾಗಿದ್ದರು.

"ಕೈ ತೋರಿಸು" ಎಂದಳು.

ಅವನು ಎಡಗೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಹೆಬ್ಬೆರಳೂ ತೋರುಬೆರಳೂ ಇಲ್ಲದ ಪುಡಿಯನ್ನು ತಮ್ಮಷ್ಟಕ್ಕೆ ಹೊಸಕುತ್ತಿದ್ದವು. ಅವನು ಅದನ್ನು ಗಿರಾಕಿಯ ಹಾಗೆ ನೋಡಿದ. "ನಾನು ಹೇಳಿದ್ರೂ ನಿಲ್ಲಲ್ಲ. ವ್ಯಾಪಾರ ನಡೆಸ್ತಾನೇ ಇದೆ."

ಮಾರನೆಯ ದಿನ ಡಾಕ್ಟರಮ್ಮ ಆಸ್ಪತ್ರೆಯ ಹಳೆಯ ಕಪಾಟು ತೆಗೆಸಿ ಕೊನೆಯ ಸಲದ ಸೀಸೆಗಳ ಪೆಟ್ಟಿಗೆಯನ್ನು ಹೊರಗಿಟ್ಟಳು. ತಾನೇ ಮಾಡಿದ ನಿಯಮ ಮುರಿದು ಲವಂಗದ ಸೀಸೆಯ ಮುಚ್ಚಳ ತಿರುಗಿಸಿದಳು. ಕಾಲ ಕಳೆದು ವಾಸನೆ ಹೋಗಿರಬಹುದು ಎಂದು ಕೊನೆಯ ಆಸೆಯೊಂದಿತ್ತು. ಮೊದಲ ವರ್ಷದ ಲವಂಗದ ಸೀಸೆಯೊಂದು ಚೆಲ್ಲದೆ ಮೂಲೆಯಲ್ಲಿ ಉಳಿದಿತ್ತು, ಅದನ್ನೂ ತೆಗೆದಳು. ಅದರಿಂದ ಲವಂಗ, ಮಂದವಾದರೂ ಲವಂಗವೇ, ಎದ್ದು ಬಂತು. ಕೊನೆಯ ಸಲದ್ದರಲ್ಲಿ ಲವಂಗದ ಆಕಾರದ ಕಟ್ಟಿಗೆಯ ಚೂರು. ಸೀಸೆಯ ವಾಸನೆ ಬರುತ್ತಿತ್ತು, ಹತ್ತಿಯ ವಾಸನೆ ಬರುತ್ತಿತ್ತು. ಒಳಗೇನೂ ಇರಲಿಲ್ಲ.

ಯಾರೋ ಕಿವಿಯ ಹತ್ತಿರ ಅದೇ ಮಾತನ್ನು ಹೇಳಿದಂತಾಯಿತು. ಪೆಟ್ಟಿಗೆಯನ್ನು ಹಾಗೇ ಬಿಟ್ಟು ಮನೆಗೆ ಬಂದು ಗಂಡನಿಗೆ ದರ್ಜಿಯ ಹೆಂಡತಿಯ ಕಥೆ ಹೇಳಿದಳು. ಅವನಿಗೆ ಅದು ಗೊತ್ತಿರಲಿಲ್ಲ.

"ಹೋಗಿ ಹೇಳು" ಎಂದ. "ನನ್ನ ಹೆಸರು ಹಿಡಿದೇ ಹೇಳು. ಅಂಗಡಿ ಮಾನ ಪೇಟೆಯಲ್ಲಿ ಹೋಗಿ ಕಾಲವಾಯ್ತು, ಇನ್ನು ಯಾರ ಹತ್ರ ಮುಚ್ಚಿಡೋದು."

ದರ್ಜಿಯ ಮನೆ ಅಂಗಡಿಯ ಹಿಂದಿನ ಒಂದೇ ಕೋಣೆ. ಹೊಲಿಗೆ ಯಂತ್ರದ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿತ್ತು. ಹೊಸಲಿನ ಮುಂದೆ ಬಿಳಿ ಗೆರೆ, ಅವತ್ತು ಬೆಳಿಗ್ಗೆ ಎಳೆದಷ್ಟು ಹೊಸದು.

"ಅವರು ಹೋದ ಮೇಲೂ ಹಾಕ್ತೀರಾ?"

"ನನಗೆ ಬಂದಾಗ ಬೇಕಾಗುತ್ತಲ್ಲ" ಎಂದಳು ದರ್ಜಿಯ ಹೆಂಡತಿ. "ಅಭ್ಯಾಸ ತಪ್ಪಬಾರದು. ನೀವ್ಯಾಕೆ ಬಂದಿರಿ? ಚಳಿಗಾಲ ಇನ್ನೂ ಬಂದಿಲ್ಲ."

ಡಾಕ್ಟರಮ್ಮ ಕೂತಳು. ಕೈಚೀಲದಿಂದ ಸಣ್ಣ ಪೊಟ್ಟಣ ತೆಗೆದು ಬಿಚ್ಚಿದಳು. ಬರುವ ದಾರಿಯಲ್ಲಿ ಬೇರೆ ಅಂಗಡಿಯಲ್ಲಿ ತಾನೇ ಮೂಸಿ ಕೊಂಡದ್ದು.

"ಏನು ವಾಸನೆ?"

ದರ್ಜಿಯ ಹೆಂಡತಿ ಬಗ್ಗಲೂ ಇಲ್ಲ. "ಲವಂಗ. ಬಾಗಿಲಲ್ಲಿ ನೀವು ಕಾಲಿಟ್ಟಾಗಲೇ ಬಂತು."

ಡಾಕ್ಟರಮ್ಮ ಎಲ್ಲವನ್ನೂ ಹೇಳಿದಳು. ಸೀಸೆ, ಗಂಡ, ಎರಡನೇ ಸಲದ ತುಂಬುವಿಕೆ, ತಾನು ನಂಬಿದ್ದು, ತಾನು ಹೇಳಿದ್ದು. ಬರುವುದಿಲ್ಲ ಎಂದಳು. ಆಮೇಲೆ ತಿದ್ದಿಕೊಂಡು, ಎಲ್ಲರಿಗೆ ಬರುವಷ್ಟು ನಿಮಗೂ ಬರಬಹುದು, ಅದಕ್ಕಿಂತ ಹೆಚ್ಚಲ್ಲ, ನಿಮ್ಮ ಮೂಗು ಅವತ್ತೂ ಸರಿಯಾಗಿತ್ತು, ಇವತ್ತೂ ಸರಿಯಾಗಿದೆ ಎಂದಳು.

ಬೀದಿಯಲ್ಲಿ ಯಾರದೋ ಸೈಕಲ್ ಗಂಟೆ ಬಾರಿಸಿ ಹೋಯಿತು.

"ನಿಮ್ಮ ಯಜಮಾನರ ಅಂಗಡೀಲೇ ಟೀಪುಡಿ ತರ್ತಿದ್ದೆ" ಎಂದಳು ದರ್ಜಿಯ ಹೆಂಡತಿ ಕೊನೆಗೆ. "ನೀವು ಹೇಳಿದ ಮೇಲೆ ಒಂದು ಸಲ ತಂದೆ, ಮುಗ್ಗಲು ವಾಸನೆ. ಇನ್ನೊಂದು ಸಲ ತಂದೆ, ಮತ್ತೆ ಮುಗ್ಗಲು. ವಾಪಸು ಕೊಡೋಣ ಅಂತ ಹೊರಟೆ. ಅರ್ಧ ದಾರೀಲಿ ಅನಿಸ್ತು, ನನ್ನ ಮೂಗೇ ಸತ್ತಿದೆಯಲ್ಲ, ಸತ್ತ ಮೂಗಿಗೆ ಮುಗ್ಗಲು ಹೇಗೆ ಬರುತ್ತೆ? ಇಲ್ಲದ ವಾಸನೆ ಬರೋಕೆ ಶುರುವಾಯ್ತು ಅಂದ್ಕೊಂಡು ತಿರುಗಿ ಬಂದೆ. ಆ ಪುಡೀನೇ ಕುಡಿದೆ."

ಡಾಕ್ಟರಮ್ಮ ತಲೆ ತಗ್ಗಿಸಿದಳು.

"ಮೊಮ್ಮಗ ಹುಟ್ಟಿದಾಗ ಎತ್ತಿಕೊಳ್ಳಲಿಲ್ಲ. ಕೈ ಯಾವಾಗ ನಡುಗುತ್ತೋ, ಮಗು ಬಿದ್ರೆ ಏನು ಗತಿ ಅಂತ. ಸೊಸೆ ತಪ್ಪು ತಿಳಿದ್ಲು, ತಿಳೀಲಿ ಅಂತ ಬಿಟ್ಟೆ. ಈಗ ಅವನು ನನಗಿಂತ ಎತ್ತರ. ಇನ್ನು ಎತ್ತಿಕೊಳ್ಳೋಕಾಗಲ್ಲ." ಈ ಮಾತಿನಲ್ಲಿ ಸಿಟ್ಟಿರಲಿಲ್ಲ. ಅಳತೆ ತಪ್ಪಿ ಕತ್ತರಿಸಿದ ಬಟ್ಟೆಯನ್ನು ತೋರಿಸುವಾಗ ದರ್ಜಿಗಳು ಮಾತಾಡುವ ದನಿ ಅದು. ಆಮೇಲೆ ತಲೆಯೆತ್ತಿ ಕೇಳಿದಳು, "ನನಗಲ್ಲ ಅಂದ್ರೆ ಮತ್ತೆ ಯಾರಿಗೆ ಬಂತು?"

"ನಮ್ಮನೆಯವರಿಗೆ."

ದರ್ಜಿಯ ಹೆಂಡತಿ ಅವಳನ್ನೇ ನೋಡಿದಳು. ಎದ್ದು ಯಂತ್ರದ ಖಾನೆ ಎಳೆದು, ಅಂಚು ಸವೆದ ಸೀಮೆಸುಣ್ಣದ ತುಂಡೊಂದನ್ನು ತೆಗೆದು, ಲವಂಗದ ಪೊಟ್ಟಣದ ಪಕ್ಕ ಇಟ್ಟಳು.

"ತಗೊಳ್ಳಿ. ನನಗಿನ್ನು ಬೇಡ. ಕಾಲಿಗಿಂತ ಸ್ವಲ್ಪ ಮುಂದೆ ಎಳೀಬೇಕು, ತೀರಾ ಹತ್ತಿರ ಎಳೆದ್ರೆ ಮುಗ್ಗರಿಸ್ತಾರೆ. ಮುಂದಿನ ವರ್ಷ ನಾನು ಬರಲ್ಲ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಡಾಕ್ಟರಮ್ಮ ಕೇಳಲೂ ಇಲ್ಲ. ಬಿಳಿ ಗೆರೆಯನ್ನು ದಾಟುವಾಗ ಅವಳ ಕಾಲು ಒಂದು ಕ್ಷಣ ನಿಂತಿತು, ಆಮೇಲೆ ಎತ್ತಿ ಆಚೆ ಇಟ್ಟಳು.

ಮನೆಗೆ ಬಂದಾಗ ಒಳಗೆ ದೀಪ ಹಚ್ಚಿತ್ತು. ಕೋಣೆಯಿಂದ ಹಜಾರಕ್ಕೆ ಯಾರೋ ಬರುತ್ತಿದ್ದ ಹೆಜ್ಜೆಯ ಸದ್ದು ಕೇಳಿಸಿತು. ಸಣ್ಣ ಸಣ್ಣ, ಸರಸರ ಸದ್ದು. ಆಸ್ಪತ್ರೆಯ ಖಾಲಿ ಓಣಿಯಲ್ಲಿ ಇಷ್ಟು ವರ್ಷ ತಿರುಗಿ ತಿರುಗಿ ಹುಡುಕಿದ ಸದ್ದು. ಬಾಗಿಲ ಹತ್ತಿರ ಬಂದು ಅದು ನಿಂತಿತು.

"ಬಂದೆಯಾ?" ಎಂದ ಗಂಡ ಒಳಗಿನಿಂದ. "ಯಾಕೋ ಕಾಲು ಬರ್ತಿಲ್ಲ."

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಕಣ್ಣನ್ನು ಜೊತೆಗೇ ತಂದಳು. ಅವನ ಪಾದಗಳನ್ನು ನೋಡಿ, ನೆಲಕ್ಕೆ ಬಗ್ಗಿ, ಸ್ವಲ್ಪ ಮುಂದೆ, ತೀರಾ ಹತ್ತಿರವಲ್ಲದೆ, ಗೆರೆ ಎಳೆದಳು.